ಜೀಪ್ ಹೊರಡುವ ಮೊದಲು ಲಾಗ್ ನೋಡಿ: ನನ್ನ ಅನುಭವ

ಮಡಿಕೇರಿ ಸುತ್ತಮುತ್ತ ಸುಮಾರು 600 ಮನೆಗೆ ಫೈಬರ್ ನೆಟ್ ಕೊಟ್ಟಿದ್ದೇನೆ. ಮಳೆಗಾಲ ಬಂತೆಂದರೆ ಬೆಳಿಗ್ಗೆ ಆರಕ್ಕೇ ಫೋನ್. "ಅಣ್ಣ, ನೆಟ್ ಇಲ್ಲ." ಕರೆಂಟ್ ಹೋಗಿದೆಯೋ, ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ತುಂಡಾಗಿದೆಯೋ? ಹುಡುಗರು ಜೀಪ್ ಹತ್ತಿ ಮಕ್ಕಂದೂರು ಕಡೆ ಹೋದರೆ ಅಲ್ಲಿ ಕರೆಂಟೇ ಇರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಜುಲೈ ತಿಂಗಳೊಂದರಲ್ಲೇ ಇಂಥ ದಂಡದ ಓಡಾಟಕ್ಕೆ ಡೀಸೆಲ್ ಹದಿನೆಂಟು ಸಾವಿರದ ಹತ್ತಿರ ಹೋಯಿತು.

ಉತ್ತರ ಓಎಲ್‌ಟಿ (ನಮ್ಮ ಕಡೆಯಿಂದ ಮನೆಗಳಿಗೆ ಫೈಬರ್ ಹೊರಡುವ ಪೆಟ್ಟಿಗೆ) ತಾನೇ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲೇ ಇತ್ತು. ಕರೆಂಟ್ ಹೋದರೆ ಮನೆಯ ಓಎನ್‌ಯು (ಫೈಬರ್ ಬಂದು ಸೇರುವ ಪುಟ್ಟ ಪೆಟ್ಟಿಗೆ) ಸಾಯುವ ಮೊದಲು 'ಡೈಯಿಂಗ್ ಗ್ಯಾಸ್ಪ್' ಎಂಬ ಕೊನೆಯುಸಿರಿನ ಸಂದೇಶ ಕಳಿಸುತ್ತದೆ. ಫೈಬರ್ ತುಂಡಾದರೆ ಬರೀ 'ಲಾಸ್', ಅಂದರೆ ಸಿಗ್ನಲ್ ಇಲ್ಲ ಎಂಬ ಸೂಚನೆ. ಆದರೆ ಮಳೆಗಾಲದ ರಾತ್ರಿ ಸಾವಿರಾರು ಸಾಲು ಓದುತ್ತಾ ಕೂರೋರು ಯಾರು?

ಮೊದಲು ಲಾಗ್ ಕೂಡಿಟ್ಟು, ಹುಡುಕಿ, ಗ್ರಾಫ್ ತೋರಿಸುವ ಸಾಫ್ಟ್‌ವೇರ್‌ಗಳಾದ ಎಲಾಸ್ಟಿಕ್‌ಸರ್ಚ್, ಲಾಗ್‌ಸ್ಟ್ಯಾಶ್, ಕಿಬಾನಾ ಹಾಕಿದೆ. ಹಳೇ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್. ಎಲಾಸ್ಟಿಕ್‌ಸರ್ಚ್ ತನಗೆಂದೇ ಹಿಡಿದಿಡುವ ಮೆಮೊರಿಗೇ (ಹೀಪ್) 6 ಜಿಬಿ ಕೊಟ್ಟೆ, ಅದು ನನ್ನ ತಪ್ಪು. ಮೆಷಿನ್ ತೆವಳತೊಡಗಿತು. ರ‍್ಯಾಮ್‌ಗೆ ಇನ್ನೊಂದು ಮೂರೂವರೆ ಸಾವಿರ ಸುರಿದೆ. ಆಮೇಲೆ ಜೋರು ಮಳೆಯ ದಿನವೇ ಡಿಸ್ಕ್ 95% ದಾಟಿ ಲಾಗ್ ಜೋಡಿಸಿಡುವ ಇಂಡೆಕ್ಸ್‌ಗಳೆಲ್ಲ ರೀಡ್-ಓನ್ಲಿ ಆದವು, ಹೊಸದೇನೂ ಬರೆಯಲಾಗಲಿಲ್ಲ. ಹನ್ನೊಂದು ಗಂಟೆಯ ಲಾಗ್ ಹೋಯಿತು. ಇದೇ ಕೆಲಸದಲ್ಲಿರೋ ಗೆಳೆಯ, "ಗ್ರಾಫ್ ನೋಡಿ ಫೈಬರ್ ಜೋಡಿಸ್ತೀಯಾ?" ಅಂದ. ಆ ಮಾತು ತುಂಬಾ ದಿನ ಚುಚ್ಚಿತು.

ಆಮೇಲೆ ಲಾಗ್ ಕೂಡಿಡಲು ಲೋಕಿ, ಗ್ರಾಫ್ ತೋರಿಸಲು ಗ್ರಫಾನಾ. ಲೋಕಿ ಲಾಗ್‌ಗೆ ನಾವು ಅಂಟಿಸುವ ಲೇಬಲ್‌ಗಳನ್ನು ಮಾತ್ರ ಇಂಡೆಕ್ಸ್ ಮಾಡುತ್ತದೆ, ಜಾಗ ಕಡಿಮೆ ಸಾಕು. ಅಲ್ಲೂ ಎಡವಿದೆ: ಓಎನ್‌ಯು ಸೀರಿಯಲ್ ನಂಬರನ್ನೇ ಲೇಬಲ್ ಮಾಡಿದ್ದೆ, ಮನೆಗೊಂದು ಲೇಬಲ್ ಆಗಿ ಮೆಮೊರಿ ಕುಡಿದು ಹಾಕಿತು. ಈಗ ಓಎಲ್‌ಟಿ ಹೆಸರು, ಪಾನ್ ಪೋರ್ಟ್ (ಓಎಲ್‌ಟಿಯಿಂದ ಒಂದೊಂದು ಫೈಬರ್ ಹೊರಡುವ ಕಿಂಡಿ), ಅಷ್ಟೇ ಲೇಬಲ್. ಸೀರಿಯಲ್ ಸಾಲಿನೊಳಗೇ ಇರಲಿ, ಬೇಕಾದಾಗ ಹುಡುಕಿದರಾಯಿತು. ಕರೆಂಟ್ ಬಂದಾಗ ಕೆಲವು ರೂಟರ್ ಗಡಿಯಾರ ಮರೆತು 1970ರ ತಾರೀಕು ಹಾಕಿ ಲಾಗ್ ಕಳಿಸುತ್ತಿದ್ದವು, ಹಾಗಾಗಿ ಲಾಗ್ ನಮ್ಮಲ್ಲಿಗೆ ಬಂದ ಹೊತ್ತನ್ನೇ ಹಿಡಿಯುತ್ತೇನೆ. ಲಿಂಕ್ ಬಿದ್ದರೆ ಯುಡಿಪಿ ಸಿಸ್‌ಲಾಗ್ (ತಲುಪಿತೋ ಇಲ್ಲವೋ ನೋಡದೆ ಲಾಗ್ ಕಳಿಸುವ ರೀತಿ) ಗಾಳಿಗೆ ಹೋಗುತ್ತದೆ ಅಲ್ವಾ, ಅದಕ್ಕೆ ದೂರದ ಓಎಲ್‌ಟಿ ಪಕ್ಕದಲ್ಲೇ ಒಂದು ಪುಟ್ಟ ಬೋರ್ಡ್ ಇಟ್ಟು ಆರ್‌ಸಿಸ್‌ಲಾಗ್ ಎಂಬ ಸಾಫ್ಟ್‌ವೇರ್‌ನ ಡಿಸ್ಕ್ ಕ್ಯೂ ಕಟ್ಟಿದೆ, ಲಿಂಕ್ ಬರೋವರೆಗೆ ಲಾಗ್ ಅಲ್ಲೇ ಕಾಯುತ್ತದೆ.

ಹೋದ ಜುಲೈ, ರಾತ್ರಿ 9:40. ಗ್ರಫಾನಾ ಪರದೆಯಲ್ಲಿ ಒಂದು ಪೋರ್ಟಿಗೆ ಎರಡೇ ಸೆಕೆಂಡಿನಲ್ಲಿ 14 ಹಳದಿ ಚುಕ್ಕೆ, ಎಲ್ಲ ಗ್ಯಾಸ್ಪ್. ಪಕ್ಕದ ಪೋರ್ಟಿನಲ್ಲಿ ಐದು ಕೆಂಪು, ಎಲ್ಲ ಲಾಸ್, ಗ್ಯಾಸ್ಪ್ ಒಂದೂ ಇಲ್ಲ. "ಹಳದಿ ಕಡೆ ಹೋಗಬೇಡ. ಕೆಂಪು ಐದೂ ಒಂದೇ ಸ್ಪ್ಲಿಟರ್‌ನವು, ಅಲ್ಲಿಂದ ಹುಡುಕು" ಅಂದೆ. ಸ್ಪ್ಲಿಟರ್ ಅಂದರೆ ಒಂದು ಫೈಬರನ್ನು ಹಲವು ಮನೆಗೆ ಕವಲೊಡೆಸುವ ಸಾಧನ. ಮೂರನೇ ಕಂಬದ ಹತ್ತಿರ ಕೇಬಲ್ ಮೇಲೆ ಕೊಂಬೆ ಬಿದ್ದಿತ್ತು. ಹತ್ತೂವರೆಗೆ ನೆಟ್ ಬಂತು. ಮರುದಿನ ಅದೇ ಗೆಳೆಯ ಡ್ಯಾಶ್‌ಬೋರ್ಡ್ ನೋಡಲು ಬಂದ.

ಗ್ಯಾಸ್ಪ್ ಕಳಿಸದ ಅಗ್ಗದ ಓಎನ್‌ಯುಗಳೂ ಇವೆ. ಅವನ್ನು ಬೇರೆ ಮಾಡುವ ಕ್ವೆರಿ (ಲಾಗ್‌ನಲ್ಲಿ ಹುಡುಕುವ ಸೂತ್ರ) ಇಲ್ಲಿ ಬರೆಯೋದಿಲ್ಲ. ಅದಕ್ಕೆ ಮೂರು ವಾರ ನಿದ್ದೆಗೆಟ್ಟಿದ್ದೇನೆ.

ಸುಮ್ನೆ ಇನ್ನೊಂದು ಮಾಡಿದೆ. ಮಾವ ತೋಟದಲ್ಲಿ ಮಳೆ ಲೆಕ್ಕ ಬರೆದಿಡುತ್ತಾರೆ, ಇಂಚು-ಸೆಂಟ್‌ನಲ್ಲಿ (ನೂರು ಸೆಂಟ್‌ಗೆ ಒಂದು ಇಂಚು). ಅದನ್ನು ಅದೇ ಗ್ರಾಫಿಗೆ ಸೇರಿಸಿದೆ. ನಾಲ್ಕು ಇಂಚು ಸುರಿದ ದಿನ ಕೇಬಲ್ ಒಂದೂ ತುಂಡಾಗಿರಲಿಲ್ಲ. ಒಂದೇ ಇಂಚು ಮಳೆ, ಜೊತೆಗೆ ಜೋರು ಗಾಳಿ ಇದ್ದ ದಿನ ಏಳು ಕಡೆ ಹೋಗಿತ್ತು. ಈಗ ಗಾಳಿ ಎದ್ದರೆ ಹುಡುಗರನ್ನು ಮನೆಗೆ ಬಿಡೋದಿಲ್ಲ. ಹೋದ ಜುಲೈ ಡೀಸೆಲ್ ಏಳು ಸಾವಿರದೊಳಗೆ ಮುಗಿಯಿತು.