ಮೊದಲ ರಾತ್ರಿ ಓಟಕ್ಕೆ, ಎರಡನೆಯದು ಟೆಂಟಿಗೆ

ಊರಿನ ಓಟವನ್ನೂ ಮಕ್ಕಳ ಕ್ಯಾಂಪಿಂಗನ್ನೂ ಒಂದೇ ರಜೆಗೆ ಜೋಡಿಸುತ್ತೇನೆ ಎನ್ನುವವರನ್ನು ನಾನು ಮೊದಲು ಕೇಳುವುದು ಟೆಂಟಿನ ಬಗ್ಗೆ ಅಲ್ಲ, ಸೋಮವಾರದ ಬಗ್ಗೆ. ನಮ್ಮ ಕಡೆ ಓಟಗಳು ಹೆಚ್ಚಾಗಿ ಭಾನುವಾರ ಬೆಳಿಗ್ಗೆ. ಹಾಗಾಗಿ ಎಲ್ಲರೂ ಮಾಡುವುದು ಒಂದೇ: ಶನಿವಾರ ಸಂಜೆ ಟೆಂಟು, ಬೆಂಕಿ, ಹನ್ನೊಂದರವರೆಗೆ ಅಂತ್ಯಾಕ್ಷರಿ, ಭಾನುವಾರ ನಾಲ್ಕೂವರೆಗೆ ಎದ್ದು ಓಟ, ಮಧ್ಯಾಹ್ನ ಕಾರಿನಲ್ಲಿ ಎಲ್ಲರಿಗೂ ತೂಕಡಿಕೆ. ಆ ಶನಿವಾರದ ರಾತ್ರಿಗೂ ಈ ಭಾನುವಾರದ ಬೆಳಿಗ್ಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಸೋಮವಾರ ರಜೆ ಇಲ್ಲದಿದ್ದರೆ ಓಟವೋ ಕ್ಯಾಂಪೋ ಒಂದನ್ನು ಬಿಡಿ ಎಂದೇ ನನ್ನ ಸಲಹೆ. ಜನವರಿ 26 ಸೋಮವಾರ ಬಂದಿದ್ದರಿಂದ ನಮಗೆ ಎರಡು ರಾತ್ರಿ ಸಿಕ್ಕಿತು. ಮೊದಲನೆಯದನ್ನು ಪೂರ್ತಿ ಓಟಕ್ಕೆ ಬಿಟ್ಟುಕೊಟ್ಟು, ಎರಡನೆಯದನ್ನು ಮಕ್ಕಳಿಗೆ ಕೊಟ್ಟೆವು.

ಓಟ ಇದ್ದದ್ದು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಸಹಾಯಕ್ಕೆ. ಅಲ್ಲಿ ಓದಿದವರೇ ಸೇರಿ ಮಾಡಿದ್ದು. ಹೆಣ್ಣುಮಕ್ಕಳ ಶೌಚಾಲಯ ಕಟ್ಟಿ ನಿಲ್ಲಿಸಿದ್ದರೂ ನೀರಿನ ವ್ಯವಸ್ಥೆ ಇರಲಿಲ್ಲ. ಮೋಟರು, ಮೇಲಿನ ತೊಟ್ಟಿ, ಪೈಪು ಇವಿಷ್ಟಕ್ಕೆ ದುಡ್ಡು ಬೇಕಿತ್ತು. ಗುರಿ ಇಷ್ಟು ಸಣ್ಣದಾಗಿ, ಕಣ್ಣಿಗೆ ಕಾಣುವ ಹಾಗೆ ಇದ್ದರೆ ಕೇಳುವವರಿಗೂ ಸುಲಭ, ಕೊಡುವವರಿಗೂ ಸುಲಭ. ‘ಶಿಕ್ಷಣಕ್ಕಾಗಿ ಓಟ’ ಎಂದರೆ ಯಾರ ಜೇಬೂ ಬಿಚ್ಚುವುದಿಲ್ಲ. ‘ತೊಟ್ಟಿಗೆ ನೀರು ಹತ್ತಿಸಬೇಕು’ ಎಂದರೆ ಪಕ್ಕದ ಮನೆಯ ಅಜ್ಜಿಯೂ ನೂರು ರೂಪಾಯಿ ತೆಗೆದುಕೊಡುತ್ತಾರೆ.

ಒಂದು ಲೆಕ್ಕ ಮೊದಲೇ ತಿಳಿದಿರಲಿ. ನಾವು ಕಟ್ಟುವ ಶುಲ್ಕ ಪೂರ್ತಿ ಶಾಲೆಗೆ ಹೋಗುವುದಿಲ್ಲ. ಟೀ ಶರ್ಟು, ಪದಕ, ತಿಂಡಿ, ಆಂಬುಲೆನ್ಸು, ಶಾಮಿಯಾನ ಎಲ್ಲ ಅದರಲ್ಲೇ ಆಗಬೇಕು. ಅದಕ್ಕೆ ನಾನು ಆಯೋಜಕರಿಗೆ ಫೋನು ಮಾಡಿ, ನಮ್ಮ ನಾಲ್ಕು ಜನಕ್ಕೂ ಶರ್ಟು, ಪದಕ ಬೇಡ, ಆ ದುಡ್ಡು ತೊಟ್ಟಿಗೇ ಹೋಗಲಿ ಎಂದೆ. ಅವರಿಗೆ ಖುಷಿಯಾಯಿತು. ಮಗನಿಗೆ ಆಗಲಿಲ್ಲ, ಅವನಿಗೊಂದು ಪದಕ ಉಳಿಸಿಕೊಂಡೆವು. ಏಳು ವರ್ಷದವನ ಹತ್ತಿರ ತತ್ವ ಮಾತಾಡಿ ಪ್ರಯೋಜನವಿಲ್ಲ.

ಇದಲ್ಲದೆ ಮಗಳು ಒಂದು ನೋಟ್‌ಬುಕ್ ಹಿಡಿದು ಮೈಸೂರಿನ ನಮ್ಮ ಬೀದಿಯಲ್ಲಿ ಮನೆಮನೆಗೆ ಹೋದಳು. ಅಮ್ಮ ಒಂದು ಕಿಲೋಮೀಟರು ಓಡಿದರೆ ನೀವೆಷ್ಟು ಕೊಡುತ್ತೀರಿ ಎಂದು ಬರೆಸಿಕೊಂಡಳು. ಹತ್ತು ರೂಪಾಯಿಯಿಂದ ನೂರರವರೆಗೆ ಬರೆದವರಿದ್ದರು. ದುಡ್ಡು ನನ್ನ ಫೋನಿಗೆ ಬರಬಾರದು ಎನ್ನುವುದು ಮಾತ್ರ ನನ್ನ ಹಟವಾಗಿತ್ತು. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಯ ವಿವರವನ್ನು ಮುಖ್ಯೋಪಾಧ್ಯಾಯರ ಸಹಿ ಇರುವ ಕಾಗದದಲ್ಲೇ ತರಿಸಿ, ಎಲ್ಲರೂ ನೇರ ಅಲ್ಲಿಗೇ ಹಾಕುವಂತೆ ಮಾಡಿದೆವು. ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಟಿಕ್ಕು, ಶಾಲೆಯಿಂದ ರಸೀದಿ. ನೆಂಟರು, ನೆರೆಯವರ ದುಡ್ಡು ನಮ್ಮ ಕೈಯಲ್ಲಿ ಹಾದುಹೋಗದಿದ್ದರೆ ಆಮೇಲೆ ಯಾರಿಗೂ ಏನೂ ವಿವರಿಸಬೇಕಾಗಿಲ್ಲ.

ಇನ್ನು ಜಾಗ. ಮೇಲುಕೋಟೆ ಬೆಟ್ಟದ ಕಡೆ ಎಲ್ಲಾದರೂ ಟೆಂಟು ಹಾಕೋಣ ಎಂಬುದು ಯಜಮಾನರ ಆಸೆ. ಆದರೆ ಅಲ್ಲಿನ ಕುರುಚಲು ಕಾಡು 1974ರಿಂದ ವನ್ಯಜೀವಿಧಾಮ, ಅದೂ ಮುಖ್ಯವಾಗಿ ತೋಳಗಳಿಗೆಂದು ಘೋಷಿಸಿದ್ದು. ಅನುಮತಿ ಇಲ್ಲದೆ ರಾತ್ರಿ ಉಳಿಯುವ ಜಾಗವಲ್ಲ. ಕೆರೆ ತೊಣ್ಣೂರಿನ ದಡ ನೋಡಲು ಚೆಂದವೇ. ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಅದರ ತಿಳಿನೀರು ನೋಡಿ ‘ಮೋತಿ ತಲಾಬ್’ (ಮುತ್ತಿನ ಕೆರೆ) ಎಂದು ಕರೆದನಂತೆ. ಆದರೆ ಆಳದ ಕೆರೆ ಮತ್ತು ಏಳು ವರ್ಷದ ಮಗ, ಇವೆರಡರ ನಡುವೆ ನಾನು ನಿದ್ದೆ ಮಾಡಲಾರೆ. ಕೊನೆಗೆ ಆ ಕಡೆಯೇ ಇರುವ ನಮ್ಮ ಸೋದರಮಾವನ ತೋಟವೇ ನಿಗದಿಯಾಯಿತು. ವಿಷಯ ಹೇಳಿದಾಗ ಮಾವ ಫೋನಿನಲ್ಲೇ ನಕ್ಕರು. “ಅಲ್ಲ ಕಣವ್ವ, ಇಷ್ಟುದ್ದ ಮನೆ ಇಟ್ಕಂಡು ಬಯಲಲ್ಲಿ ಮನಿಕತೀರಾ? ಊರೋರು ಏನಂದಾರು!”

ತೋಟ ಎಂದರೆ ಎಲ್ಲಿ ಬೇಕಾದರೂ ಟೆಂಟು ಹಾಕಬಹುದು ಎಂದಲ್ಲ. ತೆಂಗಿನ ಮರದ ಕೆಳಗೆ ಸುತರಾಂ ಬೇಡ. ಕಾಯಿಯ ಮಾತು ಬಿಡಿ, ಒಣಗಿದ ಒಂದು ಗರಿ ಮಟ್ಟೆಸಮೇತ ಬಿದ್ದರೂ ಸಾಕು. ಕೊಯ್ಲಾದ ಗದ್ದೆ ಮೆತ್ತಗೆ ಕಾಣುತ್ತದೆ, ಆದರೆ ಭತ್ತದ ಕೂಳೆ ಟೆಂಟಿನ ತಳವನ್ನು ಚುಚ್ಚುತ್ತದೆ. ಹುಲ್ಲಿನ ಮೆದೆಯ ಪಕ್ಕ ಗಾಳಿ ಬೀಸುವುದಿಲ್ಲ ನಿಜ, ಅಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಹಾವು. ಉಳಿದದ್ದು ಕಣ. ಸಂಕ್ರಾಂತಿ ಕಳೆದು ಒಕ್ಕಣೆ ಮುಗಿದಿತ್ತು, ಸಗಣಿ ಸಾರಿಸಿದ ನೆಲ ಇನ್ನೂ ಗಟ್ಟಿಯಾಗಿತ್ತು, ಸುತ್ತ ಬಯಲು, ಮನೆಯ ಬಚ್ಚಲು ಕೂಗಳತೆಯಲ್ಲಿ. ಕಣಕ್ಕಿಂತ ಒಳ್ಳೆಯ ಕ್ಯಾಂಪಿನ ನೆಲ ನಾನು ಕಂಡಿಲ್ಲ. ಗೂಟ ಮಾತ್ರ ಒಳಗೆ ಇಳಿಯುವುದಿಲ್ಲ. ರಸಗೊಬ್ಬರದ ಖಾಲಿ ಚೀಲಗಳಿಗೆ ಮರಳು ತುಂಬಿ, ಟೆಂಟಿನ ಹಗ್ಗಗಳನ್ನು ಅವಕ್ಕೇ ಬಿಗಿದೆವು. ನಾಲ್ಕು ಜನರ ಟೆಂಟು ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದರಲ್ಲಿ ಮೂವರು ಮಲಗಬಹುದು ಎಂದು ಓದಿಕೊಳ್ಳಿ.

ಕಣದ ಆಚೆ ಕಬ್ಬಿನ ಗದ್ದೆ. ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಕಡಿಯುವಾಗ ಚಿರತೆ ಮರಿ ಸಿಕ್ಕಿತು ಎನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆದ್ದರಿಂದ ಕತ್ತಲಾದ ಮೇಲೆ ಮಕ್ಕಳು ಒಂಟಿಯಾಗಿ ಟೆಂಟಿನಿಂದ ಹೊರಬರುವ ಹಾಗಿಲ್ಲ, ಉಚ್ಚೆಗೆ ಹೋಗಬೇಕಾದರೂ ಟಾರ್ಚು ಹಿಡಿದ ದೊಡ್ಡವರೊಬ್ಬರು ಜೊತೆಗೆ, ರಾತ್ರಿಯಿಡೀ ಕಣದ ಕಂಬದಲ್ಲಿ ದೀಪ ಉರಿಯಬೇಕು ಎಂದು ಮಾವ ಕಟ್ಟುನಿಟ್ಟು ಮಾಡಿದರು. ನಕ್ಷತ್ರ ನೋಡುವ ಆಸೆಗೆ ಅಷ್ಟು ಪೆಟ್ಟು ಬಿತ್ತು. ಇರಲಿ.

ಶನಿವಾರ ಮಧ್ಯಾಹ್ನವೇ ಮೈಸೂರು ಬಿಟ್ಟು, ದಾರಿಯಲ್ಲೇ ಶಾಲೆಗೆ ಹೋಗಿ ಬಿಬ್ (ಎದೆಗೆ ಹಾಕಿಕೊಳ್ಳುವ ಓಟದ ನಂಬರು) ತೆಗೆದುಕೊಂಡೆವು. ಓಟದ ದಾರಿಯನ್ನು ಕಾರಿನಲ್ಲಿ ಒಮ್ಮೆ ನೋಡಿಬಂದದ್ದೂ ಆಗಲೇ. ನನಗೆ ನೋಡಬೇಕಿದ್ದದ್ದು ಒಂದೇ, ಮಕ್ಕಳು ನಡೆಯುವ 3 ಕಿ.ಮೀ. ದಾರಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲೆ ಹೋಗುತ್ತದೆಯೋ ಎಂದು. 2018ರ ನವೆಂಬರಿನಲ್ಲಿ ಇದೇ ತಾಲ್ಲೂಕಿನ ಕನಗನಮರಡಿಯ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ತೀರಿಕೊಂಡದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಸತ್ತವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆಯೋಜಕರೂ ಅದನ್ನು ಯೋಚಿಸಿದ್ದರು. ಯಾವ ಗುಂಪನ್ನೂ ನಾಲೆಯ ದಂಡೆಗೆ ಬಿಡದೆ, ಊರೊಳಗಿನ ರಸ್ತೆಗಳಲ್ಲೇ ಸುತ್ತು ಹಾಕಿಸಿದ್ದರು. ದಾರಿ ತಗ್ಗುದಿಣ್ಣೆ, ಆದರೂ ಅದೇ ಸರಿ.

ಆ ರಾತ್ರಿ ಬೆಂಕಿ ಇಲ್ಲ, ಹಾಡಿಲ್ಲ. ಯಜಮಾನರು ಮಕ್ಕಳ ಜೊತೆ ಟೆಂಟಿನಲ್ಲಿ, ನಾನು ಮಾವನ ಮನೆಯ ಜಗಲಿಯಲ್ಲಿ. ಓಡುವವರು ಮೊದಲ ರಾತ್ರಿ ಮಕ್ಕಳ ಜೊತೆ ಟೆಂಟಿನಲ್ಲಿ ಮಲಗಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಜಿಪ್ಪು ತೆಗೆಯುವ ಸದ್ದು, ಒದೆತ, ‘ಅಮ್ಮಾ ಅದೇನು ಸದ್ದು’, ಇದರಲ್ಲೇ ಎರಡು ಗಂಟೆಯಾಗುತ್ತದೆ. ಕಷ್ಟವಾದದ್ದು ಊಟದ ಹೊತ್ತಿಗೆ. ಅವರೆಕಾಯಿ ಕಾಲ; ಅತ್ತೆ ಮಧ್ಯಾಹ್ನದಿಂದ ಕೂತು ಕಾಳು ಹಿಸುಕಿ, ಹಿತಕಿದ ಬೇಳೆ ಸಾರು ಮಾಡಿಟ್ಟಿದ್ದರು. ಅದರ ಘಮಕ್ಕೆ ಯಾರ ಮನಸ್ಸಾದರೂ ಕರಗಬೇಕು. ಆದರೆ ಅವರೆಕಾಳು ತಿಂದು ಬೆಳಗಿನ ಜಾವ ಹತ್ತು ಕಿ.ಮೀ. ಓಡುವುದನ್ನು ಯೋಚಿಸಿ ನೋಡಿ. “ಅತ್ತೆ, ನಾಳೆ ಮಧ್ಯಾಹ್ನಕ್ಕೆ ನನ್ನ ಪಾಲು ಎತ್ತಿಡಿ” ಎಂದು ಅನ್ನ, ತಿಳಿಸಾರು, ಸ್ವಲ್ಪ ಮೊಸರು ಉಂಡು ಒಂಬತ್ತಕ್ಕೆ ಮಲಗಿದೆ. ಅತ್ತೆಗೆ ಸ್ವಲ್ಪ ಬೇಸರವಾದದ್ದು ಮುಖದಲ್ಲಿ ಕಾಣುತ್ತಿತ್ತು.

ಹತ್ತು ಕಿ.ಮೀ. ಓಟ ಆರೂವರೆಗೆ. ಮೈಸೂರಿನಿಂದ ಬರುವವರು ನಾಲ್ಕಕ್ಕೇ ಎದ್ದಿರಬೇಕು, ನಾನು ಎದ್ದದ್ದು ಐದಕ್ಕೆ. ಹತ್ತಿರದಲ್ಲೇ ಉಳಿಯುವುದರ ನಿಜವಾದ ಲಾಭ ಇಷ್ಟೇ, ಆದರೆ ದೊಡ್ಡದು. ಒಂದು ಬಾಳೆಹಣ್ಣು, ಒಂದು ಚೂರು ಬೆಲ್ಲ, ಅರ್ಧ ಲೋಟ ಕಾಫಿ. ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲಿಗೆ, ಹೊರಟಾಗ ಇನ್ನೂ ಮಬ್ಬು, ಗದ್ದೆಗಳ ಮೇಲೆ ಮಂಜು. ಹಳೆಯ ಸ್ವೆಟರು ಹಾಕಿಕೊಂಡು ನಿಂತು, ಹೊರಡುವ ಮುಂಚೆ ಯಜಮಾನರ ಕೈಗೆ ಕೊಟ್ಟೆ.

ಊರ ಓಟದಲ್ಲಿ ಸಮಯ ಅಳೆಯುವ ಎಲೆಕ್ಟ್ರಾನಿಕ್ ಚಿಪ್ಪು ಗಿಪ್ಪು ಇರುವುದಿಲ್ಲ. ಅರ್ಧದಾರಿಯಲ್ಲಿ ತಿರುಗುವ ಕಡೆ ಒಬ್ಬ ಹುಡುಗ ಬಣ್ಣದ ರಬ್ಬರ್ ಬ್ಯಾಂಡು ಕೊಡುತ್ತಾನೆ, ಅದು ಕೈಯಲ್ಲಿದ್ದರೆ ಪೂರ್ತಿ ಓಡಿದಿರಿ ಎಂದು ಲೆಕ್ಕ. ನೀರು ಸ್ಟೀಲ್ ಲೋಟದಲ್ಲಿ. ನಿಂತು ಕುಡಿದು ಲೋಟ ವಾಪಸು ಕೊಟ್ಟೇ ಹೋಗಬೇಕು, ಸಮಯದ ಹುಚ್ಚಿರುವವರಿಗೆ ಇದು ಹಿಡಿಸುವುದಿಲ್ಲ. ರಸ್ತೆಯುದ್ದಕ್ಕೂ ಪ್ಲಾಸ್ಟಿಕ್ ಲೋಟ ಚೆಲ್ಲಾಡುವ ಪಟ್ಟಣದ ಓಟಗಳನ್ನು ನೋಡಿದವಳಿಗೆ ನನಗೆ ಹಿಡಿಸಿತು. ಊರಬಾಗಿಲಲ್ಲಿ ತಮಟೆ ಬಾರಿಸುತ್ತಿದ್ದರು. ತಮಟೆಯ ಸದ್ದಿಗೆ ಕಾಲು ತಾನೇ ಬೀಸಾಗುತ್ತದೆ, ಆಮೇಲೆ ಬರುವ ಏರಿನಲ್ಲಿ ಅದಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ.

ಮನೆಮಂದಿಯ 3 ಕಿ.ಮೀ. ನಡಿಗೆ ಎಂಟು ಗಂಟೆಗೆ ಇತ್ತು. ನಾನು ಓಟ ಮುಗಿಸಿ, ನೀರು ಕುಡಿದು, ಸ್ವೆಟರು ಹಾಕಿಕೊಂಡು ಮಕ್ಕಳ ಜೊತೆ ಮತ್ತೆ ಹೊರಡಲು ಸಮಯ ಸರಿಹೋಯಿತು. ಹೆಸರು ಕೊಡುವ ಮುಂಚೆ ಈ ಸಮಯಗಳನ್ನು ಕೇಳಿಕೊಳ್ಳಿ. ಎಲ್ಲ ಗುಂಪುಗಳನ್ನೂ ಒಟ್ಟಿಗೇ ಬಿಟ್ಟರೆ ಮನೆಯವರು ಒಂದು ಕಡೆ, ನೀವು ಒಂದು ಕಡೆ. ಓಡಿದ ಮೇಲೆ ನಿಧಾನ ನಡೆಯುವುದು ಕಾಲಿಗೂ ಒಳ್ಳೆಯದೇ. ಮಗ ಕೊನೆಯ ನೂರು ಮೀಟರು ಓಡಿ ಪದಕ ಹಾಕಿಸಿಕೊಂಡ, ಸೋಮವಾರ ಸ್ನಾನದವರೆಗೂ ತೆಗೆಯಲಿಲ್ಲ. ಉಪ್ಪಿಟ್ಟು, ಕೇಸರಿಬಾತು, ಮಜ್ಜಿಗೆ ಆಯಿತು.

ಮಧ್ಯಾಹ್ನ ಎತ್ತಿಟ್ಟಿದ್ದ ಸಾರಿನಲ್ಲಿ ಎರಡು ಮುದ್ದೆ ಮುರಿದು ಮಲಗಿದೆ. ಸಂಜೆ ಮಾವ ಎಲ್ಲರನ್ನೂ ಆಲೆಮನೆಗೆ ಕರೆದುಕೊಂಡು ಹೋದರು. ಈ ಕಾಲದಲ್ಲಿ ಆ ಕಡೆ ಹೋದವರು ಅದನ್ನು ಬಿಡಬಾರದು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಸೌದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ನೊರೆ ತೆಗೆದು, ಪಾಕ ಬಂದು, ಅಚ್ಚಿಗೆ ಸುರಿಯುವವರೆಗೂ ಮಗಳು ಕದಲದೆ ನಿಂತಿದ್ದಳು. ಕೊಪ್ಪರಿಗೆಯಿಂದ ಮಕ್ಕಳನ್ನು ನಾಲ್ಕು ಮಾರು ದೂರ ನಿಲ್ಲಿಸಿ. ಕುದಿಯುವ ಪಾಕ ಮೈಗೆ ಸಿಡಿದರೆ ನೀರಿನ ಹಾಗೆ ಜಾರುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಬಿಸಿ ಬೆಲ್ಲವನ್ನು ಬಾಳೆಎಲೆಯ ತುಂಡಿನಲ್ಲಿ ತಿಂದೆವು.

ಎರಡನೆಯ ರಾತ್ರಿ ನಾವೆಲ್ಲ ಟೆಂಟಿನಲ್ಲಿ. ಮೆದೆಗೆ ದೂರವಾಗಿ, ಗಾಳಿಯ ಕೆಳಗಿನ ಬದಿಯಲ್ಲಿ, ಚಿಪ್ಪು ಮತ್ತು ತೆಂಗಿನ ಮಟ್ಟೆಯ ಬೆಂಕಿ, ಪಕ್ಕದಲ್ಲಿ ಎರಡು ಬಕೆಟ್ ನೀರು. ಕೆಂಡದಲ್ಲಿ ಗೆಣಸು ಸುಟ್ಟೆವು. ಮಾವ ಸಂಕ್ರಾಂತಿಗೆ ಕಿಚ್ಚು ಹಾಯಿಸಿದ ಎತ್ತುಗಳ ಕಥೆ ಹೇಳಿದರು. ಬಯಲಲ್ಲಿ ಮಲಗಿದರೆ ಊರವರು ಏನೆಂದುಕೊಳ್ಳುತ್ತಾರೋ ಎಂದಿದ್ದವರು ಚಾಪೆ ತಂದು ಬೆಂಕಿಯ ಪಕ್ಕವೇ ಮಲಗಿಬಿಟ್ಟರು. ಅತ್ತೆ ಎಬ್ಬಿಸಿ ಕರೆದುಕೊಂಡು ಹೋಗಬೇಕಾಯಿತು. ಹನ್ನೆರಡಾದರೂ ಯಾರೂ ಗಡಿಯಾರ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಈ ಕಾಲದಲ್ಲಿ ಚಳಿ ಎಂದು ಟೆಂಟಿನ ಎಲ್ಲ ಜಿಪ್ಪನ್ನೂ ಮುಚ್ಚಬೇಡಿ. ಹೊರಗೆ ಇಬ್ಬನಿ, ಒಳಗೆ ನಾಲ್ಕು ಜನರ ಉಸಿರು. ಬೆಳಿಗ್ಗೆ ಒಳಗೋಡೆಯಿಂದ ನೀರು ತೊಟ್ಟಿಕ್ಕುತ್ತದೆ. ಮೇಲಿನ ಜಾಲರಿ ತೆರೆದಿಟ್ಟು, ಒಂದು ಕಂಬಳಿ ಹೆಚ್ಚು ಹೊದೆಯುವುದೇ ಸರಿ. ಕೆಳಗೆ ಎರಡು ಚಾಪೆ ಹಾಸಿ. ಚಳಿ ಹತ್ತುವುದು ನೆಲದಿಂದ.

ಸೋಮವಾರ ಅದೇ ಶಾಲೆಯ ಧ್ವಜಾರೋಹಣಕ್ಕೆ ಹೋದೆವು. ಮಕ್ಕಳಿಗೆ ಲಾಡು ಸಿಕ್ಕಿತು. ಸಂಗ್ರಹವಾದ ಮೊತ್ತವನ್ನು ಮುಖ್ಯೋಪಾಧ್ಯಾಯರು ಮೈಕಿನಲ್ಲಿ ಓದಿದರು, ಮೋಟರಿಗೂ ತೊಟ್ಟಿಗೂ ಸಾಕು, ಪೈಪಿಗೆ ಇನ್ನೂ ಸ್ವಲ್ಪ ಬೇಕು ಎಂದರು. ಮಗಳು ನೋಟ್‌ಬುಕ್ ತೆಗೆದು ಇನ್ನೂ ಟಿಕ್ಕು ಬೀಳದ ಹೆಸರುಗಳನ್ನು ಎಣಿಸತೊಡಗಿದಳು.

ನಾವು ವಾಪಸು ಬರುವ ಹೊತ್ತಿಗೆ ಕಣದಲ್ಲಿ ಹರಡಿದ್ದ ಟೆಂಟು ಬಿಸಿಲಿಗೆ ಒಣಗಿತ್ತು. ಒದ್ದೆ ಟೆಂಟನ್ನು ಮಡಚಿ ಕಾರಿಗೆ ಹಾಕಿದರೆ ಎರಡೇ ದಿನದಲ್ಲಿ ಬೂಷ್ಟು ವಾಸನೆ. ತಳಕ್ಕೆ ಹತ್ತಿದ ಸಗಣಿ, ಮಣ್ಣನ್ನು ಬರಿ ನೀರಿನಲ್ಲಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಸೋಪಿನ ಪುಡಿ ಹಾಕಿ ಉಜ್ಜಬೇಡಿ, ನೀರು ತಡೆಯುವ ಲೇಪ ಹೋಗುತ್ತದೆ.