ನನ್ನ ಜಿಪ್ಸಿಗೆ ನಾನೇ ಹಾಕಿದ ಅಲ್ಯೂಮಿನಿಯಂ ಸ್ಕಿಡ್ ಪ್ಲೇಟ್

ವೆಲ್ಹೆ ದಾಟಿ ಸ್ವಲ್ಪ ಮುಂದೆ, ತೋರಣಾ ಕೋಟೆಯ ಬುಡದ ಗಾಡಿದಾರಿಯಲ್ಲಿ ನನ್ನ ಮಾರುತಿ ಜಿಪ್ಸಿಯ ಹೊಟ್ಟೆಗೆ ಕಲ್ಲು ಬಡಿಯಿತು. ದೊಡ್ಡ ಶಬ್ದವೇನಲ್ಲ. ಟಕ್ ಅಂದಿತು, ಅಷ್ಟೇ. ಹತ್ತು ನಿಮಿಷ ಬಿಟ್ಟು ಇಳಿದು ನೋಡಿದರೆ ಟ್ರಾನ್ಸ್‌ಫರ್ ಕೇಸ್‌ನಿಂದ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರಿನ ಪೆಟ್ಟಿಗೆ) ಗೇರ್ ಆಯಿಲ್ ತೊಟ್ಟಿಕ್ಕುತ್ತಿತ್ತು. ಅದರೊಳಗೆ ಇರುವುದೇ ಒಂದು ಲೀಟರಿಗಿಂತ ಕಡಿಮೆ ಆಯಿಲ್. ಹಾಗೇ ಓಡಿಸಿದ್ದರೆ ಗೇರುಗಳು ಸುಟ್ಟು ಹೋಗುತ್ತಿದ್ದವು. ಗೆಳೆಯನ ಗಾಡಿಗೆ ಹಗ್ಗ ಕಟ್ಟಿ ಡಾಂಬರು ರಸ್ತೆಯವರೆಗೆ ಎಳೆಸಿ, ಅಲ್ಲಿಂದ ಟೋ ಮಾಡಿಸಿ ಪುಣೆಗೆ ತಂದೆ.

ಜಿಪ್ಸಿ ಗೊತ್ತಿರುವವರಿಗೆ ಇದು ಹೊಸದಲ್ಲ. ಇದರಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಕೇಸ್ ಮಾತ್ರ ಬೇರೆಯಾಗಿ, ಮೂರು ರಬ್ಬರ್ ಮೌಂಟ್‌ಗಳ ಮೇಲೆ ಚಾಸಿಗೆ ನೇತಾಡುತ್ತದೆ. ಅದೂ ಗಾಡಿಯ ನಡುಭಾಗದಲ್ಲಿ. ದಿಬ್ಬ ಹತ್ತಿ ಇಳಿಯುವಾಗ ನೆಲಕ್ಕೆ ಹತ್ತಿರವಾಗುವುದು ಅದೇ ಜಾಗ. ಸಹ್ಯಾದ್ರಿಯ ಕರಿಗಲ್ಲು ಲಾವಾ ಗಟ್ಟಿಯಾಗಿ ಆದದ್ದು, ಅಂಚು ಮೊನಚು. ಅಲ್ಯೂಮಿನಿಯಂ ಎರಕದ ಕೇಸ್ ಅದರ ಮುಂದೆ ನಿಲ್ಲುವುದಿಲ್ಲ.

ರಿಪೇರಿ ಮುಗಿದ ಮೇಲೆ ಸ್ಕಿಡ್ ಪ್ಲೇಟ್, ಅಂದರೆ ಗಾಡಿಯ ಹೊಟ್ಟೆಯನ್ನು ಕಲ್ಲಿನ ಪೆಟ್ಟಿನಿಂದ ಕಾಯುವ ತಗಡು, ಹಾಕಲೇಬೇಕು ಅಂತ ನಿರ್ಧರಿಸಿದೆ. ಗ್ಯಾರೇಜಿನವರು 4 ಎಂಎಂ ಕಬ್ಬಿಣದ ತಗಡು ಹಾಕಿಕೊಡುತ್ತೇವೆ ಅಂದರು. ನನಗೆ ಅದು ಬೇಡವಾಗಿತ್ತು. ಜಿಪ್ಸಿಯ ತೂಕವೇ ಒಂದು ಟನ್‌ಗಿಂತ ಸ್ವಲ್ಪ ಕಡಿಮೆ. ಆ ಹಗುರವೇ ಕೆಸರಿನಲ್ಲಿ ಅದರ ಬಲ. ಆದರೆ ಅಸಲಿ ಕಾರಣ ಬೇರೆ ಇತ್ತು. ಇಂಥ ತಗಡನ್ನು ಆಗಾಗ ಕಳಚಿ ಒಳಗೆ ನೋಡಬೇಕು. ಒಬ್ಬನೇ ನೆಲದ ಮೇಲೆ ಮಲಗಿ, ಒಂದು ಕೈಯಲ್ಲಿ ತಗಡು ಎತ್ತಿಹಿಡಿದು ಇನ್ನೊಂದು ಕೈಯಲ್ಲಿ ಬೋಲ್ಟ್ ತಿರುಗಿಸಬೇಕು. ಭಾರದ ತಗಡನ್ನು ಯಾರೂ ಕಳಚುವುದಿಲ್ಲ. ನನ್ನ ಗೆಳೆಯನ ಗಾಡಿಗೆ ಹಾಕಿದ ಕಬ್ಬಿಣದ ಪ್ಲೇಟ್ ಎರಡು ಮಳೆಗಾಲ ಕಳಚದೇ ಇತ್ತು. ತೆಗೆದಾಗ ಒಳಗೆ ಕಲ್ಲಿನಂತಾದ ಮಣ್ಣು, ಅದರ ಹಿಂದೆ ತಿಂಗಳುಗಟ್ಟಲೆ ಸೋರಿದ ಆಯಿಲ್.

ಲೆಕ್ಕ ಹಾಕಿದೆ. ಅಲ್ಯೂಮಿನಿಯಂ ಸಾಂದ್ರತೆ 2.7, ಉಕ್ಕಿನದು 7.85. ಆದರೆ ಅಲ್ಯೂಮಿನಿಯಂ ಬಾಗುವುದು ಜಾಸ್ತಿ, ಅದರ ಬಿಗಿತ ಉಕ್ಕಿನ ಮೂರನೇ ಒಂದು ಪಾಲು ಮಾತ್ರ. ಹಾಗಾದರೆ ಮೂರು ಪಟ್ಟು ದಪ್ಪ ಬೇಕಾ? ಬೇಡ. ತಗಡು ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಒಂದೂವರೆ ಪಟ್ಟಾದರೆ ಬಿಗಿತ ಮೂರು ಪಟ್ಟಿಗಿಂತ ಜಾಸ್ತಿ. ಅಂದರೆ 6 ಎಂಎಂ ಅಲ್ಯೂಮಿನಿಯಂ 4 ಎಂಎಂ ಉಕ್ಕಿಗೆ ಸಮ, ಒಂದು ಕೈ ಮೇಲೇ. ನನಗೆ ಬೇಕಿದ್ದದ್ದು ಎರಡು ತಗಡು. ದೊಡ್ಡದು 700 ಎಂಎಂ ಉದ್ದ, 550 ಎಂಎಂ ಅಗಲ. 6 ಎಂಎಂ ಅಲ್ಯೂಮಿನಿಯಂನಲ್ಲಿ ಅದು 6.2 ಕಿಲೋ. 4 ಎಂಎಂ ಉಕ್ಕಿನಲ್ಲಿ 12.1 ಕಿಲೋ. ಗೇರ್‌ಬಾಕ್ಸ್ ಕೆಳಗಿನ ಚಿಕ್ಕದು 3 ಕಿಲೋ ಸಹ ಇಲ್ಲ.

ಅಳತೆಗೆ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಬಳಸಿದೆ. ಗಾಡಿಯನ್ನು ಜಾಕ್ ಮಾಡಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಕೆಳಗೆ ನುಗ್ಗಿದೆ. ಬರೀ ಜಾಕ್ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬೇಡಿ. ಎರಡು ಭಾನುವಾರ ರಟ್ಟು ಕತ್ತರಿಸುವುದರಲ್ಲೇ ಹೋಯಿತು, ಆ ಸಮಯ ವ್ಯರ್ಥವಲ್ಲ. ಮೊದಲ ರಟ್ಟು ಚೆನ್ನಾಗಿಯೇ ಕೂತಿತ್ತು. ಆಮೇಲೆ ಚಾಸಿಯನ್ನು ಇನ್ನೂ ಮೇಲೆತ್ತಿ ಮುಂದಿನ ಚಕ್ರಗಳು ಪೂರ್ತಿ ಕೆಳಗೆ ಜೋತುಬೀಳುವಂತೆ ಮಾಡಿದೆ. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಆಕ್ಸಲ್ ಜೊತೆ ಕೆಳಗಿಳಿದು ರಟ್ಟನ್ನು ಒತ್ತಿತು! ನೆಲದ ಮೇಲೆ ನಿಂತ ಗಾಡಿಯ ಅಳತೆ ನಂಬಿ ತಗಡು ಕತ್ತರಿಸಿದ್ದರೆ, ಮೊದಲ ಹಳ್ಳ ದಾಟುವಾಗಲೇ ತಿರುಗುವ ಶಾಫ್ಟ್ ತಗಡಿಗೆ ತಾಗುತ್ತಿತ್ತು. ಆ ಮೂಲೆಯನ್ನು ಅಗಲವಾಗಿ ಕತ್ತರಿಸಿ ದಾರಿ ಬಿಟ್ಟೆ. ಕೇಸ್ ರಬ್ಬರ್ ಮೇಲೆ ಅಲ್ಲಾಡುತ್ತದೆ ಅಂತ ಅದರ ಕೆಳಗೂ 20 ಎಂಎಂ ಜಾಗ ಬಿಟ್ಟೆ. ಸೈಲೆನ್ಸರ್ ಪೈಪ್ ಹತ್ತಿರ ಇನ್ನೂ ಜಾಸ್ತಿ ಬಿಟ್ಟೆ. ಮಳೆ ಮುಗಿದ ಮೇಲೆ ಮುಳಶಿ ಕಡೆ ಒಣಹುಲ್ಲು ಎದೆಮಟ್ಟ ಇರುತ್ತದೆ. ಅದು ತಗಡಿನ ಮೇಲೆ ಸೇರಿ ಬಿಸಿ ಪೈಪಿಗೆ ತಾಗಿದರೆ ಬೆಂಕಿ ಹತ್ತಬಹುದು.

ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾದ ಗೆಳೆಯರೊಬ್ಬರು ಚಾಕಣದಲ್ಲಿ ಡಿಸೈನ್ ಕೆಲಸದಲ್ಲಿದ್ದಾರೆ. ರಟ್ಟು ನೋಡಿ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿಕೊಟ್ಟರು. ಅದನ್ನು ಹಿಡಿದು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಲೇಸರ್ ಕಟಿಂಗ್ ಶೆಡ್ಡಿಗೆ ಹೋದೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಗಟ್ಟಿ ಇರಲಿ ಅಂತ 6061-ಟಿ6 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ ತಂದಿದ್ದೆ. ಬೆಂಡಿಂಗ್ ಮೆಷಿನ್ ಮೇಲೆ ಇದ್ದ ಹಿರಿಯರು ಹಾಳೆಯನ್ನು ಬೆರಳಿನಿಂದ ಬಡಿದು ನೋಡಿ ತಲೆಯಾಡಿಸಿದರು. ಅವರ ಫೋನ್ ಮಾತು ಕೇಳಿ ಕನ್ನಡದವರೆಂದು ಗೊತ್ತಾಗಿತ್ತು. ಊರು ಸಿಂದಗಿ ಕಡೆ.

"ಕಾಕಾ, ಬಗ್ಗುತ್ತಾ ಇದು?" ಅಂತ ಕೇಳಿದೆ.

"ಇದು ಭಾಳ ಬಿರುಸು ಐತ್ರಿ ಸರ. ಬಗ್ಗಂಗಿಲ್ಲ, ಸೀಳತೈತಿ. ಒಂದು ತುಂಡು ಮ್ಯಾಲೆ ಮಾಡಿ ತೋರಸ್ತೀನಿ, ತಡೀರಿ."

ತೋರಿಸಿದರು. ಬಾಗಿದ ಜಾಗದ ಹೊರಮೈಯಲ್ಲಿ ಉದ್ದಕ್ಕೂ ಕೂದಲೆಳೆಯಂಥ ಬಿರುಕು. 6061-ಟಿ6 ಬಲದಲ್ಲಿ ಮುಂದೆ, ಸುಮಾರು 275 ಎಂಪಿಎವರೆಗೆ (ಮೆಗಾಪ್ಯಾಸ್ಕಲ್, ಲೋಹದ ಬಲದ ಅಳತೆ) ತಡೆಯುತ್ತದೆ. ಆದರೆ ಬಗ್ಗಿಸಲು ತುಂಬಾ ದೊಡ್ಡ ತಿರುವು ಬೇಕು. ಕತ್ತರಿಸಿ ವೆಲ್ಡ್ ಮಾಡೋಣ ಅಂದರೆ ವೆಲ್ಡ್ ಸುತ್ತ ಅದರ ಶಕ್ತಿ ಇಳಿದುಹೋಗುತ್ತದೆ. ಸರಿ, ಆ ಹಾಳೆ ವಾಪಸ್ ಕೊಟ್ಟು 5052-ಎಚ್32 ಅನ್ನುವ ಇನ್ನೊಂದು ಬಗೆ ತಂದೆ. ಅದರ ಬಲ ಸುಮಾರು 195 ಎಂಪಿಎ. ಬಗ್ಗುತ್ತದೆ, ಉಪ್ಪುನೀರು ತಡೆಯುತ್ತದೆ, ಪೆಟ್ಟು ಬಿದ್ದರೆ ಸೀಳದೆ ಗುಳಿ ಬೀಳುತ್ತದೆ. ಹೊಟ್ಟೆಯ ತಗಡಿಗೆ ಈ ಗುಣವೇ ಬೇಕು ಅಲ್ವಾ? ಕಾಕಾ ಹಾಳೆಯ ರೋಲಿಂಗ್ ಗೆರೆಗಳನ್ನು ನೋಡಿ, ಮಡಿಕೆ ಆ ಗೆರೆಗಳಿಗೆ ಅಡ್ಡ ಬರುವಂತೆ ಇಟ್ಟು, ಒಳತಿರುವು 12 ಎಂಎಂ ಇಟ್ಟು ಬಗ್ಗಿಸಿದರು. ಎಲ್ಲೂ ಬಿರುಕಿಲ್ಲ. ಅವರು ತಿಳಿಸಿಕೊಟ್ಟ ಈ ಗೆರೆಯ ವಿಷಯ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಚಾಸಿಗೆ ಒಂದೂ ಹೊಸ ತೂತು ಹೊಡೆಯಲಿಲ್ಲ. ಹಳೆಯ ಚಾಸಿ ಅದು. ತೂತು ಹೊಡೆದರೆ ಅಲ್ಲಿಂದ ತುಕ್ಕು, ತುಕ್ಕಿನಿಂದ ಬಿರುಕು. ಚಾಸಿಯ ಮೇಲೊಂದು ಕೆಳಗೊಂದು ದಪ್ಪ ಪಟ್ಟಿ ಇಟ್ಟು ಉದ್ದ ಬೋಲ್ಟ್‌ಗಳಿಂದ ಬಿಗಿದು ಕ್ಲಾಂಪ್ ಮಾಡಿದೆ. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಅದೇ ಬದಿಯಲ್ಲಿ ಓಡುತ್ತವೆ. ಪಟ್ಟಿ ಅವುಗಳನ್ನು ಒತ್ತುತ್ತಿಲ್ಲ ಅಂತ ಬೆರಳು ಹಾಕಿ ನೋಡಿಕೊಂಡೆ.

ಎರಡು ತಗಡು ಒಂದರ ಮೇಲೊಂದು ಬರುವ ಜಾಗದಲ್ಲಿ ಯಾವುದು ಕೆಳಗಿರಬೇಕು? ನಾನು ಸಾಗರದವನು, ಹೆಂಚಿನ ಮನೆಯಲ್ಲಿ ಬೆಳೆದವನು. ನೀರು ಹರಿಯುವ ದಿಕ್ಕು ನೋಡಿ ಹೆಂಚು ಹೊದಿಸುತ್ತಾರಲ್ಲ, ಹಾಗೇ ಇದು. ಗಾಡಿ ಮುಂದೆ ಹೋಗುವಾಗ ಕಲ್ಲು ಮುಂದಿನಿಂದ ಹಿಂದಕ್ಕೆ ಜಾರುತ್ತದೆ. ಆದ್ದರಿಂದ ಮುಂದಿನ ತಗಡಿನ ಹಿಂದಂಚು ಹೊರಗೆ, ಹಿಂದಿನ ತಗಡಿನ ಮುಂದಂಚು ಅದರ ಒಳಗೆ. ರಿವರ್ಸ್ ಹೋಗುವಾಗ ಸಿಕ್ಕಿಕೊಳ್ಳದಿರಲಿ ಅಂತ ಹೊರಗಿನ ಅಂಚನ್ನು ಸ್ವಲ್ಪ ಮೇಲಕ್ಕೆ ಮಡಿಸಿದೆ.

ಬೋಲ್ಟ್‌ಗಳೆಲ್ಲ ಪುಣೆಯ ಹಾರ್ಡ್‌ವೇರ್ ಪೇಟೆ ಬೋಹ್ರಿ ಆಳಿಯಿಂದ ತಂದದ್ದು. ತಳದಲ್ಲಿ 8 ಎಂಎಂ ಕೌಂಟರ್‌ಸಂಕ್ ಆಲನ್ ಬೋಲ್ಟ್, ತಲೆ ತಗಡಿನೊಳಗೆ ಹುದುಗುವಂತೆ. ಹೊರಗೆ ಚಾಚಿದ ತಲೆಯನ್ನು ಕಲ್ಲು ಒಂದೇ ಪೆಟ್ಟಿಗೆ ಸವೆಸುತ್ತದೆ. ಆಮೇಲೆ ಪಾನಾ ಕೂರುವುದಿಲ್ಲ. ಡ್ರೈನ್ ಪ್ಲಗ್ ಎದುರಿಗೆ 50 ಎಂಎಂ ತೂತು ಬಿಟ್ಟೆ. ಶಾಫ್ಟ್‌ನ ಗ್ರೀಸ್ ನಿಪ್ಪಲ್‌ಗೆ ಗ್ರೀಸ್ ಗನ್ ತಲುಪುವಂತೆ ಇನ್ನೊಂದು. ಎಲ್ಲ ಸೇರಿ ಸುಮಾರು 8500 ರೂಪಾಯಿ ಆಯಿತು, ವಾಪಸ್ ಕೊಟ್ಟ ಹಾಳೆಯ ನಷ್ಟವೂ ಅದರಲ್ಲೇ ಸೇರಿದೆ.

ಮೊದಲ ವಾರ 60ರ ವೇಗದಲ್ಲಿ ಗುಂಯ್ ಅನ್ನುವ ಸದ್ದು. ತಗಡಿಗೂ ಬ್ರಾಕೆಟ್‌ಗೂ ನಡುವೆ 3 ಎಂಎಂ ರಬ್ಬರ್ ಹಾಳೆ ಇಟ್ಟೆ, ನಿಂತಿತು. ಆ ರಬ್ಬರ್ ಇನ್ನೊಂದು ಕೆಲಸಕ್ಕೂ ಬಂತು. ಅದಕ್ಕೆ ಮೊದಲು ಒಮ್ಮೆ ತಾಮ್ಹಿಣಿ ಘಾಟ್ ಇಳಿದು ದಿವೇಆಗರಕ್ಕೆ ಹೋಗಿ ಮರಳಿನ ಮೇಲೆ ಓಡಿಸಿ ಬಂದಿದ್ದೆ. ತಗಡು ಕಳಚಿದಾಗ ಉಕ್ಕು ತಾಗಿದ ಕಡೆಯೆಲ್ಲ ಬಿಳಿ ಪುಡಿ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಬಂದರೆ ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಈಗ ಎಲ್ಲ ಕಡೆ ರಬ್ಬರ್, ಬೋಲ್ಟ್ ಕೆಳಗೆ ನೈಲಾನ್ ವಾಷರ್, ಬೋಲ್ಟಿನ ಎಳೆಗೆ ಆಂಟಿಸೀಜ್ (ಎಳೆ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್). ಆಂಟಿಸೀಜ್ ಹಚ್ಚಿದರೆ ಟಾರ್ಕ್, ಅಂದರೆ ತಿರುಗಿಸಿ ಬಿಗಿಯುವ ಬಲ, ಕಡಿಮೆ ಇಡಬೇಕು. ಒಣ ಬೋಲ್ಟಿಗೆ 25 ನ್ಯೂಟನ್ ಮೀಟರ್ ಆದರೆ ನಾನು 20ಕ್ಕೆ ನಿಲ್ಲಿಸುತ್ತೇನೆ.

ಅಲ್ಯೂಮಿನಿಯಂಗೆ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಉಕ್ಕು ಕಲ್ಲಿನ ಮೇಲೆ ಜಾರುತ್ತದೆ. ಅಲ್ಯೂಮಿನಿಯಂ ಮೆತ್ತಗೆ, ಕಲ್ಲು ಅದನ್ನು ಕೆತ್ತಿ ಹಿಡಿದುಕೊಳ್ಳುತ್ತದೆ. ದಿನವೂ ಬಂಡೆಗಳ ಮೇಲೆ ಗಾಡಿ ಎಳೆಯುವವರಿಗೆ ಉಕ್ಕೇ ಸರಿ. ತಿಂಗಳಿಗೆ ಒಂದೆರಡು ಸಲ ಕಾಡುದಾರಿಗೆ ಹೋಗುವ ನನ್ನಂಥವರಿಗೆ ಇದು ಸಾಕು. ಪ್ರತಿ ಸಲ ಬಂದ ಮೇಲೆ ಎದ್ದ ಅಂಚುಗಳನ್ನು ಚಪ್ಪಟೆ ಅರದಿಂದ ಉಜ್ಜಿ ನಯ ಮಾಡುತ್ತೇನೆ.

ಹೋದ ಮಳೆಗಾಲದಲ್ಲಿ ಹಾಗೆ ಅರ ಹಿಡಿದು ಕೂತಿದ್ದಾಗಲೇ ತಗಡಿನ ಒಳಮೈಯಲ್ಲಿ ಹೊಸ ಆಯಿಲ್ ಕಲೆ ಕಂಡಿತು. ಕಲ್ಲಿನ ಪೆಟ್ಟಲ್ಲ, ಹಿಂದಿನ ಶಾಫ್ಟ್ ಕಡೆಯ ಆಯಿಲ್ ಸೀಲ್ ಸವೆದಿತ್ತು. ಮರುದಿನವೇ ಸೀಲ್ ಬದಲಿಸಿದೆ. ದೊಡ್ಡ ತಗಡು ಕಳಚಲು ನನಗೆ ಈಗ 12 ನಿಮಿಷ ಸಾಕು, ಎದೆಯ ಮೇಲೆ ಇಟ್ಟುಕೊಂಡೇ ಕೆಳಗಿಳಿಸುತ್ತೇನೆ.