ಕಾರ್ ಪಾರ್ಕಿಂಗಿನಲ್ಲೊಂದು ಟಿಲ್ಲರ್

ದೇವನಹಳ್ಳಿ ಕಡೆ ಇದ್ದ ನಮ್ಮ ಸೋದರಮಾವನ ದ್ರಾಕ್ಷಿ ತೋಟ ಲೇಔಟ್ ಆಯಿತು. ಶೆಡ್ಡಿನಲ್ಲಿದ್ದ ಹಳೇ ಮಿತ್ಸುಬಿಷಿ ಶಕ್ತಿ ಟಿಲ್ಲರನ್ನು ಗುಜರಿಗೆ ಹಾಕುವವರಿದ್ದರು. ನಾನು ಟೆಂಪೋದಲ್ಲಿ ಹೇರಿಸಿಕೊಂಡು ಬಂದೆ. 30-40 ಸೈಟಿನ ಮನೆಯಲ್ಲಿ ಉಳೋಕೆ ಏನಿದೆ, ತುಳಸಿ ಕಟ್ಟೆನಾ ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ.

ಹಾಗೆ ನೋಡಿದರೆ ಇದು ತವರಿಗೆ ಬಂದ ಗಾಡಿ. ಇದನ್ನು ತಯಾರಿಸಿದ ವಿಎಸ್‌ಟಿ ಟಿಲ್ಲರ್ಸ್ ಕಂಪನಿ 1967ರಲ್ಲಿ ಶುರುವಾಗಿದ್ದೇ ಬೆಂಗಳೂರಿನಲ್ಲಿ, ಜಪಾನಿನ ಮಿತ್ಸುಬಿಷಿ ಜೊತೆ ಸೇರಿ.

ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಪಿಸ್ಟನ್ ಸಿಲಿಂಡರಿನೊಳಗೆ ಅಲುಗಾಡದಂತೆ ಹಿಡಿದುಕೊಂಡಿತ್ತು. ಅವಸರದಲ್ಲಿ ಸ್ಟಾರ್ಟ್ ಮಾಡುವ ಹ್ಯಾಂಡಲ್ಲಿಗೆ ಪೈಪ್ ಸಿಕ್ಕಿಸಿ ಎಳೆದೆ. ಹ್ಯಾಂಡಲ್ಲೇ ಬಗ್ಗಿತು. ಆಮೇಲೆ ಬುದ್ಧಿ ಬಂತು. ಸಿಲಿಂಡರ್ ಅಡ್ಡ ಮಲಗಿರುವುದರಿಂದ ಎಣ್ಣೆ ಸುರಿದರೆ ಒಳಗೆ ನಿಲ್ಲುವುದಿಲ್ಲ. ಚೈನ್ ಪುಲ್ಲಿ ತರಿಸಿ ಎಂಜಿನ್ ಇಳಿಸಿದೆ, ಹೆಡ್ ಬಿಚ್ಚಿದೆ, ಬಾಯಿ ಮೇಲಾಗಿ ನಿಲ್ಲಿಸಿದೆ. ಅರ್ಧ ಡೀಸೆಲ್, ಅರ್ಧ ಪವರ್ ಸ್ಟೀರಿಂಗ್ ಆಯಿಲ್ ಹಾಕಿ ಮುಚ್ಚಿಟ್ಟೆ. ದಿನಾ ಸಂಜೆ ಮರದ ತುಂಡು ಇಟ್ಟು ನಾಲ್ಕು ಪೆಟ್ಟು, ಅಷ್ಟೇ. ಒಂಬತ್ತನೇ ದಿನ ಕೂದಲೆಳೆಯಷ್ಟು ಜರುಗಿತು. ಸಿಲಿಂಡರಿನ ಒಳಗೋಡೆಯಾದ ಲೈನರ್ ಗೀಚಿಹೋಗಿತ್ತು. ಗಾಡಿ ಬಿಡಿಭಾಗಗಳು ಸಿಗುವ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಲೈನರ್, ಪಿಸ್ಟನ್, ರಿಂಗ್ ಸೆಟ್ಟೇ ತಂದು ಹಾಕಿಸಿದೆ.

ನನಗೆ ಜಾಸ್ತಿ ಮಜಾ ಕೊಟ್ಟಿದ್ದು ತುಕ್ಕು ತೆಗೆಯುವ ಕೆಲಸ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ, ಒಂದು 12 ವೋಲ್ಟ್ ಬ್ಯಾಟರಿ ಚಾರ್ಜರ್. ತುಕ್ಕಿನ ಭಾಗಕ್ಕೆ ನೆಗೆಟಿವ್, ಗುಜರಿ ಕಬ್ಬಿಣಕ್ಕೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ಮೊದಲ ಸಲ ವೈರ್ ಉಲ್ಟಾ ಕೊಟ್ಟು ಒಳ್ಳೇ ಬ್ರಾಕೆಟ್ಟನ್ನೇ ತಿನ್ನಿಸಿಬಿಟ್ಟೆ! ಗುಜರಿ ಕಬ್ಬಿಣದ ಬದಲು ಸ್ಟೀಲ್ ತಟ್ಟೆ ಇಳಿಬಿಡಲು ಹೋಗಬೇಡಿ, ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತದೆ. ಅಲ್ಯೂಮಿನಿಯಂ ಭಾಗವನ್ನೂ ಮುಳುಗಿಸಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಡ್ರಮ್ ಬಯಲಲ್ಲೇ ಇರಬೇಕು. ಹತ್ತಿರ ಯಾರೂ ಬೀಡಿ ಹಚ್ಚಬಾರದು. ಬೆಳಿಗ್ಗೆ ತೆಗೆದು ಬ್ರಷ್ ಆಡಿಸಿದರೆ ತುಕ್ಕೆಲ್ಲ ಕಪ್ಪು ಕೆಸರಾಗಿ ಬಿಡುತ್ತದೆ. ತಕ್ಷಣ ಒಣಗಿಸಿ ಎಣ್ಣೆ ಬಳಿಯಬೇಕು. ಒಂದು ದಿನ ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಗಾಗಿತ್ತು.

ಡೀಸೆಲ್ ಚಿಮ್ಮಿಸುವ ನಾಜಲ್ ಚೆಕ್ ಮಾಡಿಸಿದೆ. ಬೆಲ್ಟುಗಳಲ್ಲಿ ಸವೆದದ್ದನ್ನು ಮಾತ್ರ ಬದಲಿಸಿದರೆ ಸಾಕು ಅಂತ ಒಬ್ಬ ಅಂಗಡಿಯವನು ಹೇಳಿದ. ಸಾಕಾಗುವುದಿಲ್ಲ. ಹೊಸದೇ ಎಲ್ಲ ಭಾರ ಹೊತ್ತು ಬಿಸಿಯಾಗುತ್ತದೆ. ಕೊನೆಗೆ ಪೂರ್ತಿ ಸೆಟ್ ತಂದೆ. ಪೇಂಟ್ ಮಾತ್ರ ಹೊಡೆಸಲಿಲ್ಲ. ಮಾವನ ಕೈ ಸವೆಸಿದ ಹಿಡಿಯ ಮೇಲೆ ಹೊಸ ಕೆಂಪು ಬಣ್ಣ ಯಾಕೋ ಬೇಡ ಅನ್ನಿಸಿತು.

ಆಯುಧ ಪೂಜೆಯ ಹಿಂದಿನ ದಿನ ಸ್ಟಾರ್ಟ್ ಮಾಡಲು ಕೂತೆ. ಡೀಸೆಲ್ ಲೈನಿನ ಗಾಳಿ ತೆಗೆದೆ. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ, ವೇಗ ಬಂದಾಗ ಲಿವರ್ ಬಿಡಬೇಕು. ಹೆಬ್ಬೆರಳನ್ನು ಹಿಡಿಗೆ ಸುತ್ತದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ. ಎಂಜಿನ್ ವಾಪಸ್ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಆರನೇ ಸಲಕ್ಕೆ ಡುಗ್ ಡುಗ್ ಅಂತು.

ಮಹಡಿ ಮನೆಯವರು ಬಟ್ಟೆ ಒಣಹಾಕಿದ್ದನ್ನು ನಾನು ನೋಡಿರಲಿಲ್ಲ. ಆ ಕಪ್ಪು ಹೊಗೆ ಹೋಗಿದ್ದು ನೇರವಾಗಿ ಅವರ ಬಿಳಿ ಪಂಚೆಗೆ. ಹಬ್ಬದ ದಿನ ಪುರಿ, ಬಾಳೆಹಣ್ಣಿನ ಜೊತೆಗೆ ಒಂದು ಹೊಸ ಪಂಚೆಯನ್ನೂ ಕೊಟ್ಟು ಬಂದೆ.